ಪದಚರ್ಚೆ: ಲೋಡ್ಜ್ ಘೆಟ್ಟೋದ 'ರೆಸೋರ್ಟ್', 'ಶ್ಪೆರಾ', 'ಔಸ್‌ಜೀಡ್ಲುಂಗ್' – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಎರಡನೇ ಮಹಾಯುದ್ಧದ ಕಾಲದ ಲೋಡ್ಜ್ ಘೆಟ್ಟೋ ಬಗ್ಗೆ ಒಂದು ಉದ್ದದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಲೇಜು ಮಕ್ಕಳು ತಡವರಿಸದೆ ಓದುವ ಹಾಗಿರಬೇಕು. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಲಹೆ ಬೇಕು.

ಮೊದಲು ಸ್ವಲ್ಪ ಹಿನ್ನೆಲೆ. ಲೋಡ್ಜ್ ಆಗ ಪೋಲೆಂಡಿನ ದೊಡ್ಡ ಬಟ್ಟೆ ಗಿರಣಿಗಳ ಊರಾಗಿತ್ತು. 1939ರ ಸೆಪ್ಟೆಂಬರಿನಲ್ಲಿ ಜರ್ಮನರು ಹಿಡಿದರು, ಆಮೇಲೆ ಊರಿನ ಹೆಸರನ್ನೇ ಲಿಟ್ಸ್‌ಮನ್‌ಸ್ಟಾಟ್ ಅಂತ ಬದಲಾಯಿಸಿದರು. ಬವೂತಿ ಅನ್ನುವ ಬಡವರ ಭಾಗಕ್ಕೆ ಯಹೂದಿಗಳನ್ನು ತುಂಬಿ, 1940ರ ಏಪ್ರಿಲ್ 30ಕ್ಕೆ ಬೇಲಿ ಮುಚ್ಚಿದರು. ಅದೇ ಘೆಟ್ಟೋ. ಒಳಗೆ ಸುಮಾರು 1,60,000 ಜನ, ಜಾಗ ಸುಮಾರು ನಾಲ್ಕು ಚದರ ಕಿಲೋಮೀಟರ್. ವಾರ್ಸಾದ ಘೆಟ್ಟೋದಲ್ಲಿ ಮಕ್ಕಳು ಗೋಡೆಯ ಸಂದಿಯಲ್ಲಿ ನುಸುಳಿ ಹೊರಗಿಂದ ಬ್ರೆಡ್ಡು, ಆಲೂಗಡ್ಡೆ ತರುತ್ತಿದ್ದರು. ಇಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ ಅನ್ನಬಹುದು. ಬವೂತಿಯಲ್ಲಿ ನುಸುಳಿ ಹೋಗುವಂಥ ಒಳಚರಂಡಿ ಇರಲಿಲ್ಲ, ಸುತ್ತಲಿನ ಊರಿಗೆ ಜರ್ಮನರನ್ನು ತಂದು ಕೂರಿಸಿದ್ದರು, ಅದೂ ಸಾಲದು ಅಂತ ಇದ್ದಬದ್ದ ದುಡ್ಡನ್ನೆಲ್ಲ ಕಿತ್ತುಕೊಂಡು ಘೆಟ್ಟೋದೊಳಗೆ ಮಾತ್ರ ನಡೆಯುವ ಬೇರೆ ನೋಟು ಕೊಟ್ಟಿದ್ದರು. ಹಾಗಾಗಿ ತಿನ್ನುವ ಒಂದೊಂದು ತುತ್ತೂ ಜರ್ಮನ್ ಆಡಳಿತದ ಕೈಯಿಂದಲೇ ಬರಬೇಕು. ಅಲ್ಲಿನ ಮಾತಿನ ತುಂಬ ರೇಷನ್ನು, ಸೂಪು, ಕೆಲಸ ಇವೇ ಇರುವುದು ಇದಕ್ಕೇ.

'ಘೆಟ್ಟೋ' ಪದವನ್ನು ಹಾಗೇ ಇಡುತ್ತೇನೆ. 'ಕೇರಿ' ಬಳಸಬಹುದಲ್ಲ ಅಂತ ಒಬ್ಬರು ಕೇಳಿದ್ದರು. ಕೇರಿಗೆ ಅದರದ್ದೇ ನೋವಿನ ಚರಿತ್ರೆ ಇದೆ, ಅದನ್ನು ಇನ್ನೊಂದರ ಹೆಸರಾಗಿ ಬಳಸಿದರೆ ಎರಡಕ್ಕೂ ನ್ಯಾಯ ಆಗುವುದಿಲ್ಲ. ಕೇರಿಯವರು ಬೆಳಿಗ್ಗೆ ಕೆಲಸಕ್ಕೆ ಹೊರಗೆ ಹೋಗಿ ಸಂಜೆ ಬರುತ್ತಾರೆ. ಇಲ್ಲಿ ಬೇಲಿಯ ಹತ್ತಿರ ಹೋದರೆ ಗುಂಡು.

ಈಗ 'ರೆಸೋರ್ಟ್'. ಜರ್ಮನ್ ಕಚೇರಿ ಭಾಷೆಯಲ್ಲಿ ಅದಕ್ಕೆ ಇಲಾಖೆ ಅಂತ ಅರ್ಥ. ಘೆಟ್ಟೋದಲ್ಲಿ ಜನ ದುಡಿಯುವ ಜಾಗಕ್ಕೆಲ್ಲ ಅದೇ ಹೆಸರಾಯಿತು. ಜರ್ಮನರು ನೇಮಿಸಿದ್ದ ಯಹೂದಿ ಮುಖ್ಯಸ್ಥ ರುಮ್ಕೋವ್ಸ್ಕಿಯ ಲೆಕ್ಕಾಚಾರ ಒಂದೇ: ನಾವು ಅವರಿಗೆ ಬೇಕಾದವರಾಗಿದ್ದರೆ ನಮ್ಮನ್ನು ಉಳಿಸುತ್ತಾರೆ. ಸೈನ್ಯಕ್ಕೆ ಸಮವಸ್ತ್ರ ಹೊಲಿದರು, ಹುಲ್ಲಿನ ಬೂಟು ಹೆಣೆದರು, ಚಿಂದಿಯಿಂದ ಜಮಖಾನ ನೇಯ್ದರು. ಹತ್ತು ಹನ್ನೊಂದು ವರ್ಷದ ಮಕ್ಕಳೂ ದುಡಿಯುತ್ತಿದ್ದರು, ಯಾಕೆಂದರೆ ಘೆಟ್ಟೋದಿಂದ ಸಾಗಿಸುವವರ ಪಟ್ಟಿಯಲ್ಲಿ ಕೆಲಸದ ಚೀಟಿ ಇಲ್ಲದವರೇ ಮೊದಲು. ಇದನ್ನು ಕನ್ನಡದಲ್ಲಿ ಸುಮ್ನೆ 'ರೆಸಾರ್ಟ್' ಅಂತ ಬರೆದರೆ ಓದುಗರ ಕಣ್ಣ ಮುಂದೆ ಕೊಡಗಿನ ಕಾಟೇಜು ಬಂದು ನಿಲ್ಲುತ್ತದೆ. ಅದು ಸಲ್ಲದು. 'ಕಾರ್ಯಾಗಾರ' ಅಂದರೆ ಪ್ರಮಾಣಪತ್ರ ಕೊಡುವ ಎರಡು ದಿನದ ಶಿಬಿರ. 'ವರ್ಕ್‌ಶಾಪ್' ಅಂದರೆ ಗ್ಯಾರೇಜು. ನನಗೆ 'ಕಾರ್ಖಾನೆ' ಸರಿ ಅನ್ನಿಸುತ್ತಿದೆ. ಒಂದು ಕೋಣೆಯಲ್ಲಿ ನಡೆಯುವ ಅಗರಬತ್ತಿ ಕೆಲಸಕ್ಕೂ ನಾವು ಕಾರ್ಖಾನೆ ಅಂತೀವಲ್ವಾ? ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಹೇಳಿ.

ರೆಸೋರ್ಟಿಗೆ ಹೋದವರಿಗೆ ಮಧ್ಯಾಹ್ನ ಸೂಪು ಸಿಗುತ್ತಿತ್ತು. ಇದನ್ನು 'ಗಂಜಿ' ಅಂತ ಮಾಡಿದ್ದೆ, ಈಗ ತೆಗೆಯಬೇಕು ಅನ್ನಿಸುತ್ತಿದೆ. ಗಂಜಿಯಲ್ಲಿ ಅನ್ನದ ಅಂಶ ಇರುತ್ತದೆ, ಹುಷಾರಿಲ್ಲದವರಿಗೆ ಮನೆಯಲ್ಲಿ ಅಕ್ಕರೆಯಿಂದ ಕಾಯಿಸಿ ಕೊಡುವಂಥದ್ದು. ಇದು ಬಿಸಿನೀರಿನಲ್ಲಿ ತೇಲುವ ನಾಲ್ಕು ಟರ್ನಿಪ್ ಚೂರು. ಸೌಟು ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದೇ ಅಲ್ಲಿ ದೊಡ್ಡ ವಿಷಯ. ಮೇಲಿನ ತಿಳಿ ಬಂದರೆ ಆ ದಿನ ಹೋಯಿತು, ತಳದ ಗಟ್ಟಿ ಬಂದರೆ ಸಂಜೆವರೆಗೆ ನಿಲ್ಲಬಹುದು. ಇದಕ್ಕೆ ಕನ್ನಡ ಹುಡುಕಬೇಕಾಗಲಿಲ್ಲ. 'ತಳದಿಂದ ಹಾಕಮ್ಮ' ಅಂತ ನಾವು ಪಂಕ್ತಿಯಲ್ಲಿ ಹೇಳುವ ಮಾತೇ ಸಾಕು, ಆದರೆ ಅಲ್ಲಿ ಅದನ್ನು ಹೇಳುವ ದನಿ ಬೇರೆ. ಸಾರ್ವಜನಿಕ ಅಡುಗೆಮನೆಯ ಆಲೂಗಡ್ಡೆ ಸಿಪ್ಪೆಯೂ ವೈದ್ಯರ ಚೀಟಿ ಇದ್ದವರಿಗೆ ಸಿಗುತ್ತಿತ್ತು, ಅದನ್ನು ಅರೆದು ತಟ್ಟಿ ಬೇಯಿಸಿ ತಿನ್ನುತ್ತಿದ್ದರು. ಇದಕ್ಕೆ 'ವಡೆ' ಅನ್ನಲು ಮನಸ್ಸು ಬರಲಿಲ್ಲ. 'ಸಿಪ್ಪೆ ತಟ್ಟು' ಅಂತ ಬರೆದಿದ್ದೇನೆ, ಅರ್ಥ ಆಗುತ್ತಾ?

ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಟ್ಟಿದ್ದು ಮುಂದಿನ ಎರಡು.

'ಶ್ಪೆರಾ' ಅಂದರೆ ಮನೆಯಿಂದ ಹೊರಗೆ ಬರಬಾರದು ಅನ್ನುವ ಆಜ್ಞೆ, ನಮ್ಮ ಕರ್ಫ್ಯೂ. ಆದರೆ ಲೋಡ್ಜ್‌ನವರಿಗೆ ಅದು ಒಂದೇ ಒಂದು ವಾರದ ಹೆಸರು, 1942ರ ಸೆಪ್ಟೆಂಬರ್ 5ರಿಂದ 12ರವರೆಗಿನದು. ಅದಕ್ಕೂ ಮೊದಲೇ, ಸೆಪ್ಟೆಂಬರ್ 1ರಂದು, ಆಸ್ಪತ್ರೆಗಳನ್ನು ಖಾಲಿ ಮಾಡಿದ್ದರು. 4ರಂದು ರುಮ್ಕೋವ್ಸ್ಕಿ ಜನರ ಮುಂದೆ ನಿಂತು, ನಿಮ್ಮ ಮಕ್ಕಳನ್ನು ಕೊಡಿ ಅಂತ ಅಪ್ಪ ಅಮ್ಮಂದಿರನ್ನು ಕೇಳಿದ. ಹತ್ತು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಕಾಯಿಲೆಯವರು, ಇವರನ್ನು ಮನೆ ಮನೆ ಹೊಕ್ಕು ಎಳೆದುಕೊಂಡು ಹೋದರು. ಸುಮಾರು 15,000 ಜನ. ಅಂಥ ಪದಕ್ಕೆ 'ಕರ್ಫ್ಯೂ' ಅಂದರೆ ನಮ್ಮವರು ಅಂಗಡಿ ಬಂದ್, ಬಸ್ಸಿಲ್ಲ ಅಂತಷ್ಟೇ ಅಂದುಕೊಳ್ಳುತ್ತಾರೆ. 'ಎಮರ್ಜೆನ್ಸಿ' ಅಂದ ಕೂಡಲೇ ನಮ್ಮ ಹಿರಿಯರಿಗೆ 1975 ನೆನಪಾಗುತ್ತದಲ್ಲ, ಸಾಮಾನ್ಯ ಪದವೊಂದು ಒಂದು ಕಾಲಕ್ಕೆ ಅಂಟಿಕೊಂಡುಬಿಡುವುದು ಹಾಗೆ. ಅದಕ್ಕೇ 'ಶ್ಪೆರಾ' ಅಂತಲೇ ಇಟ್ಟು ಮೊದಲ ಸಲ ಬಂದಾಗ ವಿವರಿಸುತ್ತೇನೆ.

'ಔಸ್‌ಜೀಡ್ಲುಂಗ್' ಜರ್ಮನ್ ನೋಟೀಸುಗಳಲ್ಲಿ ಬರುವ ಪದ. ನಿಘಂಟಿನ ಪ್ರಕಾರ ಜನರನ್ನು ಒಂದು ಕಡೆಯಿಂದ ತೆಗೆದು ಬೇರೆಡೆ ನೆಲೆಗೊಳಿಸುವುದು. 1942ರ ಜನವರಿ 16ರಿಂದ ಈ ಹೆಸರಿನಲ್ಲಿ ಲೋಡ್ಜ್‌ನಿಂದ ಹೊರಟ ರೈಲುಗಳಲ್ಲಿದ್ದವರನ್ನು ಹೆಲ್ಮ್ನೋ ಅನ್ನುವ ಕೊಲ್ಲುವ ಶಿಬಿರದಲ್ಲಿ ಮುಚ್ಚಿದ ಲಾರಿಗಳಿಗೆ ತುಂಬಿ ಎಂಜಿನ್ನಿನ ಹೊಗೆಯಿಂದ ಉಸಿರುಗಟ್ಟಿಸಿ ಕೊಂದರು. ಅವರ ಬಟ್ಟೆಬರೆಯ ಗಂಟುಗಳು ಆರಿಸಿ ಬೇರ್ಪಡಿಸಲು ಘೆಟ್ಟೋಗೇ ವಾಪಸ್ ಬಂದವು. ಕೆಲವು ಗಂಟುಗಳಲ್ಲಿ ಹೋದವರ ಗುರುತಿನ ಕಾಗದಗಳು ಸಿಕ್ಕವು.

ಕನ್ನಡದ ಲೇಖನಗಳಲ್ಲಿ ಇದಕ್ಕೆ 'ಗಡೀಪಾರು' ಅಂತಲೂ 'ಸ್ಥಳಾಂತರ' ಅಂತಲೂ ನೋಡಿದ್ದೇನೆ. ಗಡೀಪಾರು ಅಂದರೆ ತಪ್ಪು ಮಾಡಿದವನನ್ನು ಊರಾಚೆ ಹಾಕುವುದು. ರೌಡಿಗಳಿಗೆ ಬಳಸುವ ಪದ ಅದು. ಏಳು ವರ್ಷದ ಮಗುವಿಗೆ ಅದನ್ನು ಹೇಗೆ ಹಚ್ಚುವುದು? ಸ್ಥಳಾಂತರ, ಪುನರ್ವಸತಿ ಅಂದರೆ ಕೊಂದವರ ಸುಳ್ಳನ್ನು ನಾವೇ ನಮ್ಮ ಬಾಯಲ್ಲಿ ಹೇಳಿದ ಹಾಗೆ. ಅದಕ್ಕೆ ನಾನು ಹೀಗೆ ಮಾಡುತ್ತಿದ್ದೇನೆ: ನೋಟೀಸಿನ ಮಾತು ಬಂದಾಗ 'ಸ್ಥಳಾಂತರ' ಅಂತ ಉದ್ಧರಣ ಚಿಹ್ನೆಯೊಳಗೆ, ಘೆಟ್ಟೋದ ಜನ ಮಾತಾಡುವಾಗ 'ಕರ್ಕೊಂಡು ಹೋದ್ರು', ಲೇಖಕರು ಹೇಳುವಾಗ 'ಕೊಲ್ಲಲು ಸಾಗಿಸಿದರು'. ಪದ ಯಾರದ್ದು ಅನ್ನುವುದು ಓದುಗರಿಗೆ ಪ್ರತಿಸಲವೂ ಗೊತ್ತಾಗಬೇಕು. ಇದರಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ.

ಇಷ್ಟು ಹಟ ಯಾಕೆ ಅಂದರೆ, ಘೆಟ್ಟೋದವರೇ ಈ ಕೆಲಸಕ್ಕೆ ಕೈ ಹಾಕಿದ್ದರು. ಅಲ್ಲಿನ ದಾಖಲೆ ವಿಭಾಗದವರು ದಿನದಿನದ ವರದಿ ಬರೆಯುತ್ತಿದ್ದರು. ಅದರ ಜೊತೆಗೆ ಘೆಟ್ಟೋದ ಪದಗಳನ್ನೂ ಹೆಸರುಗಳನ್ನೂ ಕಾರ್ಡುಗಳ ಮೇಲೆ ಬರೆದು ಒಂದು ಕೋಶ ಮಾಡಲು ಹೊರಟರು. ಮುಂದೆ ಓದುವವರಿಗೆ ಈ ಮಾತುಗಳು ಅರ್ಥವಾಗಲಾರವು ಅಂತ ಹಸಿವಿನಲ್ಲಿ ಕೂತವರಿಗೆ ಹೊಳೆದಿತ್ತು ನೋಡಿ. ಅವರಲ್ಲಿ ಒಬ್ಬರಾದ ಆಸ್ಕರ್ ರೋಸೆನ್‌ಫೆಲ್ಡ್ ಅವರನ್ನು 1944ರ ಆಗಸ್ಟಿನಲ್ಲಿ ಘೆಟ್ಟೋ ಖಾಲಿ ಮಾಡಿದಾಗ ಆಶ್‌ವಿಟ್ಸ್ ಶಿಬಿರಕ್ಕೆ ಒಯ್ದು ಕೊಂದರು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬಂದಾಗ ಲೋಡ್ಜ್ ಘೆಟ್ಟೋದೊಳಗೆ ಉಳಿದಿದ್ದವರು 900ಕ್ಕಿಂತ ಕಡಿಮೆ. ಇವರಿಗೂ ಶಿಬಿರಗಳಿಂದ ಜೀವಂತ ಬಂದವರಿಗೂ 'ಬದುಕುಳಿದವರು' ಚೆನ್ನಾಗಿ ಹೊಂದುತ್ತದೆ. 'ಪಾರಾದವರು' ಬೇಡ, ಅದರಲ್ಲಿ ಏನೋ ಸಲೀಸಾಗಿ ಆದ ಹಾಗಿದೆ.

ಕೊನೆಯದು 'ತಲೋನ್'. ರೇಷನ್ ಬಿಟ್ಟು ಮೇಲಿನವರು ತಮಗೆ ಬೇಕಾದವರಿಗೆ ಕೊಡುತ್ತಿದ್ದ ವಿಶೇಷ ಚೀಟಿ. 'ಕೂಪನ್' ಅನ್ನೋಣ್ವಾ, 'ಚೀಟಿ' ಸಾಕಾ? ಕೆಲಸದ ಚೀಟಿ, ವೈದ್ಯರ ಚೀಟಿ ಈಗಾಗಲೇ ಬಂದಿರುವುದರಿಂದ ನನ್ನ ಒಲವು ಕೂಪನ್ ಕಡೆಗೆ. ಬೇರೆ ಪದ ಇದ್ದರೆ ವಾಕ್ಯದಲ್ಲಿ ಬಳಸಿ ತೋರಿಸಿ.