ಫೋಲ್ಡರ್ ಇಲ್ಲದೆ ಮೇಲ್ ನಿಭಾಯಿಸೋದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ

ನಾನು ಒಂದು ಖಾಸಗಿ ಪದವಿ ಕಾಲೇಜಿನ ಆಫೀಸಿನಲ್ಲಿದ್ದೇನೆ. ಕಾಲೇಜಿನ ಜಿಮೇಲ್ ನೋಡಿಕೊಳ್ಳುವ ಕೆಲಸ ಎರಡು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ದಿನಕ್ಕೆ ಎಪ್ಪತ್ತು ಎಂಬತ್ತು ಮೇಲ್. ನನಗಿಂತ ಮುಂಚೆ ಇದ್ದವರು 47 ಲೇಬಲ್ (ಮೇಲಿಗೆ ಹಚ್ಚುವ ಹೆಸರಿನ ಚೀಟಿ, ನಾವು ಫೋಲ್ಡರ್ ಥರವೇ ಬಳಸುತ್ತೇವೆ) ಮಾಡಿಟ್ಟು ಹೋಗಿದ್ದಾರೆ. ಪರೀಕ್ಷೆ, ಪರೀಕ್ಷೆ ಹಳೆಯದು, ಯೂನಿವರ್ಸಿಟಿ, ಸರ್ಕ್ಯುಲರ್, ಸ್ಕಾಲರ್‌ಶಿಪ್, ಅರ್ಜೆಂಟ್, ಇತರೆ, ಇತರೆ 2. ನಾನೂ ಅದನ್ನೇ ಮುಂದುವರಿಸಿದೆ. ಸಂಜೆ ಒಂದು ಗಂಟೆ ಬರೀ ಮೇಲ್ ಎತ್ತಿಡುವುದರಲ್ಲೇ ಹೋಗುತ್ತದೆ.

ಹೋದ ವಾರ ಆಡಿಟರ್ ಬಂದು ಸ್ಕಾಲರ್‌ಶಿಪ್ ಮಂಜೂರಾತಿಯ ಒಂದು ಮೇಲ್ ಕೇಳಿದರು. ಸ್ಕಾಲರ್‌ಶಿಪ್‌ನಲ್ಲಿ ಇರಲಿಲ್ಲ. ಸರ್ಕ್ಯುಲರ್‌ನಲ್ಲೂ ಇರಲಿಲ್ಲ. ಅವರು ಎರಡು ಸಲ ಕಾಫಿ ಕುಡಿದರು, ನಾನು ಬೆವರುತ್ತಾ ಹುಡುಕಿದೆ. ನಲವತ್ತು ನಿಮಿಷ ಆದ ಮೇಲೆ 'ಇತರೆ 2'ರಲ್ಲಿ ಸಿಕ್ಕಿತು.

ಗೆಳತಿಯೊಬ್ಬಳು "ಎಲ್ಲಾ ಬಿಟ್ಟುಬಿಡೇ, ಹುಡುಕಿದರೆ ಸಿಗುತ್ತೆ" ಅನ್ನುತ್ತಾಳೆ. ನನಗೆ ಧೈರ್ಯ ಬರುತ್ತಿಲ್ಲ. ಫೋಲ್ಡರ್ ಬಿಟ್ಟವರು ಯಾರಾದರೂ ಇದ್ದೀರಾ? ನಿಜವಾಗಿ ಸಿಗುತ್ತಾ?

ಉತ್ತರ: ಲೆಕ್ಕಪತ್ರದ ಆಫೀಸಿನವನು, ಫೋಲ್ಡರ್ ಬಿಟ್ಟು ಒಂಬತ್ತು ವರ್ಷ

'ಇತರೆ 2' ಓದಿ ನಗು ಬಂತು ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ 'ತುಂಬಾ ಅರ್ಜೆಂಟ್' ಅಂತ ಒಂದು ಇತ್ತು. ಅದರಲ್ಲಿದ್ದ ಮೇಲ್‌ಗಳಿಗೆ ಮೂರು ವರ್ಷ ವಯಸ್ಸಾಗಿತ್ತು.

ನಿಮ್ಮ ಆಡಿಟರ್ ಕೇಳಿದ ಮೇಲನ್ನೇ ನೋಡಿ. ಬಂದಿದ್ದು ಯೂನಿವರ್ಸಿಟಿಯಿಂದ ಇರಬಹುದು. ಅದು ಸರ್ಕ್ಯುಲರ್ ಕೂಡ ಹೌದು, ಸ್ಕಾಲರ್‌ಶಿಪ್ ಕೂಡ ಹೌದು. ಬಂದ ದಿನ ಅದು ಅರ್ಜೆಂಟೂ ಆಗಿತ್ತು. ಎತ್ತಿಡುವ ಹೊತ್ತಿಗೆ ನಿಮ್ಮ ತಲೆಯಲ್ಲಿ ಒಂದು ಹೆಸರು ಇರುತ್ತದೆ, ಎಂಟು ತಿಂಗಳ ಮೇಲೆ ಹುಡುಕುವಾಗ ಬೇರೆ ಹೆಸರು ಬರುತ್ತದೆ. ಅದೂ ಎತ್ತಿಟ್ಟವರು ಬೇರೆ, ಹುಡುಕುವವರು ಬೇರೆ ಆದರೆ ಕೇಳಲೇಬೇಡಿ.

ಇದು ನನ್ನೊಬ್ಬನ ಮಾತಲ್ಲ. 2011ರಲ್ಲಿ ಐಬಿಎಂ ಸಂಶೋಧಕರು 345 ಜನ ಹಳೆ ಮೇಲ್ ಹೇಗೆ ಹುಡುಕುತ್ತಾರೆ ಅಂತ ಅಳೆದು ನೋಡಿದರು. 85 ಸಾವಿರಕ್ಕೂ ಹೆಚ್ಚು ಹುಡುಕಾಟಗಳನ್ನು ದಾಖಲಿಸಿದರು. ಫೋಲ್ಡರ್ ತೆರೆದು ಹುಡುಕಿದಾಗ ಸರಾಸರಿ ಒಂದು ನಿಮಿಷದ ಹತ್ತಿರ ಹಿಡಿದಿತ್ತು, ಸರ್ಚ್ ಮಾಡಿದಾಗ ಹದಿನೇಳು ಸೆಕೆಂಡ್. ಜಾಸ್ತಿ ಫೋಲ್ಡರ್ ಮಾಡಿದವರಿಗೆ ಮೇಲ್ ಜಾಸ್ತಿ ಸಿಗುತ್ತಿತ್ತು ಅಂತಲೂ ಇರಲಿಲ್ಲ. ಎತ್ತಿಟ್ಟ ಶ್ರಮ ದಂಡ.

ಇನ್ನೊಂದು ವಿಷಯ. ಜಿಮೇಲ್ ಶುರುವಾಗಿದ್ದೇ ಈ ಲೆಕ್ಕದ ಮೇಲೆ. 2004ರ ಏಪ್ರಿಲ್ 1ರಂದು ಒಂದು ಜಿಬಿ ಜಾಗ ಕೊಡುತ್ತೇವೆ ಅಂದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಅಂದುಕೊಂಡರು. ಹಾಟ್‌ಮೇಲ್ ಆಗ ಕೊಡುತ್ತಿದ್ದದ್ದು ಎರಡು ಎಂಬಿ. ಎಲ್ಲವನ್ನೂ ಇಟ್ಟುಕೋ, ಬೇಕಾದಾಗ ಹುಡುಕು ಅನ್ನೋದು ಅವರ ಯೋಚನೆ. ಅದಕ್ಕೇ ಅದರಲ್ಲಿ ಫೋಲ್ಡರ್ ಇಲ್ಲ, ಲೇಬಲ್ ಇದೆ. ನಾವು ಲೇಬಲ್ ತಗೊಂಡು ಮತ್ತೆ ಫೋಲ್ಡರ್ ಮಾಡಿದೆವು, ಅದು ನಮ್ಮ ಅಭ್ಯಾಸ.

ನಾನು ಮಾಡುವುದು ಇಷ್ಟೇ. ಮೇಲ್ ಓದುತ್ತೇನೆ. ಎರಡು ನಿಮಿಷದ ಕೆಲಸವಾದರೆ ಆಗಲೇ ಮುಗಿಸುತ್ತೇನೆ. ಮುಗಿದ ಮೇಲೆ ಆರ್ಕೈವ್. ಆರ್ಕೈವ್ ಅಂದರೆ ಡಿಲೀಟ್ ಅಲ್ಲ, ಇನ್‌ಬಾಕ್ಸ್‌ನಿಂದ ಎದ್ದು 'ಆಲ್ ಮೇಲ್'ಗೆ ಹೋಗುತ್ತದೆ, ಅಲ್ಲೇ ಇರುತ್ತದೆ. ನಾಳೆ ಯಾರಾದರೂ ಅದಕ್ಕೆ ಉತ್ತರ ಬರೆದರೆ ಹಳೆಯ ಮಾತುಕತೆಯ ಸಮೇತ ತಾನೇ ವಾಪಸ್ ಬರುತ್ತದೆ. ಈಗ ಮಾಡಲಾಗದ್ದು ಇದ್ದರೆ ಸ್ನೂಜ್ ಮಾಡಿ ಸೋಮವಾರ ಹತ್ತು ಗಂಟೆಗೆ ಅಂತ ಹಾಕುತ್ತೇನೆ, ಅಲ್ಲಿವರೆಗೆ ಮರೆಯಾಗಿದ್ದು ಆ ಹೊತ್ತಿಗೆ ತಾನೇ ವಾಪಸ್ ಬರುತ್ತದೆ. ಹೀಗಾಗಿ ಇನ್‌ಬಾಕ್ಸ್‌ನಲ್ಲಿ ಇರುವುದೆಲ್ಲ ಬಾಕಿ ಕೆಲಸ. ಇವತ್ತು ಹನ್ನೊಂದು ಇವೆ.

ಫೋನಿನಲ್ಲಿ ಮಾತ್ರ ಒಂದು ಸಲ ಸೆಟ್ಟಿಂಗ್ಸ್ ನೋಡಿಕೊಳ್ಳಿ. ಬೆರಳಲ್ಲಿ ಪಕ್ಕಕ್ಕೆ ಸರಿಸಿದರೆ ಆರ್ಕೈವ್ ಆಗಬೇಕು. ನನ್ನ ಹೆಂಡತಿಯ ಫೋನಿನಲ್ಲಿ ಅದು ಡಿಲೀಟ್ ಅಂತ ಇತ್ತು. ತಿಂಗಳಾದ ಮೇಲೆ ಗೊತ್ತಾಯಿತು, ಅಷ್ಟರಲ್ಲಿ ಟ್ರ್ಯಾಶ್ 30 ದಿನಕ್ಕೆ ತಾನೇ ಖಾಲಿಯಾಗಿತ್ತು.

ಈಗ ಹುಡುಕುವ ಮಾತು. ಸರ್ಚ್ ಬಾಕ್ಸ್‌ನಲ್ಲಿ 'ಸ್ಕಾಲರ್‌ಶಿಪ್' ಅಂತ ಒಂದೇ ಪದ ಹಾಕಿದರೆ ಮುನ್ನೂರು ಮೇಲ್ ಬಂದು ಬೀಳುತ್ತವೆ. ಅಲ್ಲಿಗೇ ಜನ "ಸರ್ಚ್ ಕೆಲಸಕ್ಕೆ ಬರಲ್ಲ" ಅಂದುಬಿಡುತ್ತಾರೆ. ಕಂಪ್ಯೂಟರಿನಲ್ಲಿ ಆ ಬಾಕ್ಸಿನ ಬಲ ತುದಿಯಲ್ಲಿ ಗೆರೆಗೆರೆಯ ಒಂದು ಚಿಹ್ನೆ ಇದೆ. ಒತ್ತಿದರೆ ಒಂದು ಅರ್ಜಿ ಫಾರಂ ಥರ ತೆರೆಯುತ್ತದೆ. ಯಾರಿಂದ, ಯಾರಿಗೆ, ವಿಷಯ, ಯಾವ ದಿನದ ಆಸುಪಾಸು, ಅಟ್ಯಾಚ್‌ಮೆಂಟ್ ಇದೆಯಾ. ನಾನು ಮೊದಲು 'ಯಾರಿಂದ' ತುಂಬುತ್ತೇನೆ. ಪೂರ್ತಿ ವಿಳಾಸ ನೆನಪಿಲ್ಲದಿದ್ದರೆ 'ಅಟ್' ಗುರುತಿನ ಮುಂದಿನ ಭಾಗ ಹಾಕಿದರೂ ಸಾಕು, ಆ ಸಂಸ್ಥೆಯಿಂದ ಬಂದದ್ದೆಲ್ಲ ಬರುತ್ತದೆ. ಆಮೇಲೆ ದಿನಾಂಕ. "ಮಾರ್ಚ್ ಕೊನೆ, ಪರೀಕ್ಷೆ ಮುಂಚೆ" ಅನ್ನುವಷ್ಟು ನೆನಪಿದ್ದರೆ ಒಂದು ತಿಂಗಳ ಅಂತರ ಕೊಡಿ. ಅಟ್ಯಾಚ್‌ಮೆಂಟ್‌ಗೆ ಟಿಕ್. ಮುನ್ನೂರು ಇದ್ದದ್ದು ಐದಾರಕ್ಕೆ ಇಳಿಯುತ್ತದೆ, ಆಮೇಲೆ ಕಣ್ಣಲ್ಲೇ ಹುಡುಕಬಹುದು.

ಮನುಷ್ಯನಿಗೆ ವಿಷಯದ ಪದ ಮರೆಯುತ್ತದೆ. ಯಾರು ಕಳಿಸಿದರು, ಹೆಚ್ಚು ಕಡಿಮೆ ಯಾವಾಗ ಅನ್ನೋದು ಮರೆಯೋದಿಲ್ಲ. ಅಲ್ವಾ?

ಉತ್ತರ: ಧಾರವಾಡ, ವಕೀಲ

ನಾನು ಒಪ್ಪುವುದಿಲ್ಲ ಸರ್. ನನ್ನ ಹತ್ತಿರ ಒಂದೊಂದು ಕೇಸಿಗೆ ಒಂದೊಂದು ಲೇಬಲ್ ಇದೆ, ಇರಲೇಬೇಕು. ಕಕ್ಷಿದಾರರು ವಕೀಲರನ್ನು ಬದಲಾಯಿಸಿದರೆ ಇಡೀ ಕಟ್ಟು ಒಟ್ಟಿಗೆ ಎತ್ತಿ ಕೊಡಬೇಕು. ಆಗ ಒಂದು ಮೇಲ್ ಹುಡುಕುವುದಲ್ಲ, ಇನ್ನೂರೂ ಬೇಕು, ಒಂದೂ ಬಿಡುವಂತಿಲ್ಲ. ಸರ್ಚಿನಲ್ಲಿ ಬಿಟ್ಟುಹೋದದ್ದು ಬಿಟ್ಟುಹೋಯಿತು ಅಂತ ಗೊತ್ತೂ ಆಗುವುದಿಲ್ಲ.

ಉತ್ತರ: ಲೆಕ್ಕಪತ್ರದ ಆಫೀಸಿನವನು

ಸರಿಯಾದ ಮಾತು ವಕೀಲರೇ. ಕಟ್ಟಾಗಿ ಯಾರಿಗಾದರೂ ಒಪ್ಪಿಸಬೇಕಾದದ್ದಕ್ಕೆ ಲೇಬಲ್ ಬೇಕು. ಆದರೆ ಅದನ್ನೂ ಕೈಯಲ್ಲಿ ಹಚ್ಚಬೇಡಿ. ಕೇಸ್ ನಂಬರ್ ಇದ್ದರೆ ಈ ಲೇಬಲ್ ಹಚ್ಚು ಅಂತ ಫಿಲ್ಟರ್ ಹಾಕಿ, ಅಂದರೆ ಮೇಲ್ ಬಂದ ಕೂಡಲೇ ಜಿಮೇಲ್ ತಾನೇ ಪಾಲಿಸುವ ನಿಯಮ. ಮೇಡಂ ಕಾಲೇಜಿಗೆ ಅಂಥವು ಎರಡೋ ಮೂರೋ ಇರಬಹುದು, 47 ಇರಲಾರವು.

ಉತ್ತರ: ಡಿಟಿಪಿ ಕೆಲಸ, ಆಮೇಲೆ ಕನ್ನಡ ಮೇಷ್ಟ್ರು

ಮೇಲಿನವರು ಹೇಳಿದ್ದೆಲ್ಲ ಇಂಗ್ಲಿಷ್ ಮೇಲ್‌ಗೆ ಚೆನ್ನಾಗಿ ನಡೆಯುತ್ತದೆ. ಮೇಡಂ ಅವರಿಗೆ ಬರುವ ಅರ್ಧ ಮೇಲ್ ಕನ್ನಡದಲ್ಲಿ ಇರುತ್ತದೆ. ಅಲ್ಲಿ ಮೂರು ಕಡೆ ಕಾಲು ಜಾರುತ್ತದೆ, ನಾನು ಮೂರರಲ್ಲೂ ಬಿದ್ದಿದ್ದೇನೆ.

ಒಂದು, ವಿಭಕ್ತಿ. ಜಿಮೇಲ್ ಇಡೀ ಪದವನ್ನು ಹುಡುಕುತ್ತದೆ, ಪದದ ತುಂಡನ್ನಲ್ಲ. ನೀವು 'ಮಂಜೂರಾತಿ' ಅಂತ ಹಾಕುತ್ತೀರಿ, ಮೇಲಿನಲ್ಲಿ 'ಮಂಜೂರಾತಿಯನ್ನು' ಅಂತ ಇರುತ್ತದೆ. ನನ್ನ ಅನುಭವದಲ್ಲಿ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಪದ ಹಾಗೇ ನಿಂತಿರುತ್ತದೆ, ನಮ್ಮಲ್ಲಿ ಬಾಲ ಬೆಳೆಸಿಕೊಂಡು ಓಡಾಡುತ್ತದೆ. 'ವಿದ್ಯಾರ್ಥಿವೇತನ' ಅಂತ ಒಬ್ಬರು ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು 'ವಿದ್ಯಾರ್ಥಿ ವೇತನ' ಅಂತ ಬಿಡಿಸಿ ಬರೆಯುತ್ತಾರೆ. ಅದಕ್ಕೇ ನಾನು ಬಾಲ ಅಂಟದ ಪದ ಹುಡುಕುತ್ತೇನೆ. ಸರ್ಕಾರಿ ಪತ್ರವಾದರೆ ಇದು ಸುಲಭ. ಮೇಲೆ 'ವಿಷಯ', ಕೆಳಗೆ 'ಉಲ್ಲೇಖ' ಇದ್ದೇ ಇರುತ್ತದೆ. ಉಲ್ಲೇಖದಲ್ಲಿರುವ ಪತ್ರ ಸಂಖ್ಯೆಗೆ ವಿಭಕ್ತಿ ಇಲ್ಲ! ಆ ಸಂಖ್ಯೆ ಗೊತ್ತಿದ್ದರೆ ಬೇರೆ ಏನೂ ಬೇಡ.

ಎರಡು, ಹಳೆಯ ನುಡಿ, ಬರಹ ಫಾಂಟ್. ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿಗೆ ಅದು ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದು ನೋಡಿದ್ದರೆ ಗೊತ್ತಿರುತ್ತದೆ. ಕೆಲವು ಕಡೆಯಿಂದ ಈಗಲೂ ಹಾಗೇ ಬರುತ್ತದೆ. ಅದರೊಳಗೆ 'ಪರೀಕ್ಷೆ' ಅಂತ ಹುಡುಕಿದರೆ ಯಾವ ಸರ್ಚೂ ಸಿಗಿಸಿಕೊಡುವುದಿಲ್ಲ.

ಮೂರು, ಫೋಟೋ. ಪತ್ರಕ್ಕೆ ಸಹಿ, ಸೀಲು ಆದ ಮೇಲೆ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಕಡತದ ಹೆಸರು 'ಸ್ಕ್ಯಾನ್ 0012'. ಮೇಲಿನ ಒಳಗೆ ಒಂದೇ ಸಾಲು, 'ಲಗತ್ತು ನೋಡಿ'. ವಿಷಯದ ಸಾಲು ಖಾಲಿ. ಹುಡುಕಲು ಅಲ್ಲಿ ಪದವೇ ಇಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಬಹಳ ಸಣ್ಣದು. ಅಂಥ ಮೇಲ್ ಬಂದರೆ ಫಾರ್ವರ್ಡ್ ಒತ್ತಿ ನನ್ನ ವಿಳಾಸಕ್ಕೇ ಕಳಿಸಿಕೊಳ್ಳುತ್ತೇನೆ, ಮೇಲೆ ಒಂದು ಸಾಲು ಸೇರಿಸಿ. ಉದಾಹರಣೆಗೆ: "ಎರಡನೇ ವರ್ಷ ಬಿಎ ವಿದ್ಯಾರ್ಥಿವೇತನ ಸ್ಕಾಲರ್‌ಶಿಪ್ ಮಂಜೂರಾತಿ ಪತ್ರ, ಸಹಿ ಆದದ್ದು, ಆಡಿಟ್‌ಗೆ ಬೇಕು". ವ್ಯಾಕರಣ ಬೇಡ, ಚಂದ ಬೇಡ. ಮುಂದೆ ಯಾವ ಪದದಲ್ಲಿ ಹುಡುಕಬಹುದೋ ಅವೆಲ್ಲ ಅದರಲ್ಲಿರಬೇಕು. ಕನ್ನಡದಲ್ಲೂ ಹಾಕುತ್ತೇನೆ, ಇಂಗ್ಲಿಷ್ ಸ್ಪೆಲಿಂಗಿನಲ್ಲೂ ಹಾಕುತ್ತೇನೆ. ಹದಿನೈದು ಸೆಕೆಂಡಿನ ಕೆಲಸ. ದಿನಕ್ಕೆ ಎರಡೋ ಮೂರೋ ಮೇಲಿಗೆ ಬೇಕಾಗುತ್ತದೆ, ಅಷ್ಟೇ.

ಉತ್ತರ: ಗೃಹಿಣಿ, ಮನೆಯ ಕಾಗದಪತ್ರವೆಲ್ಲ ನನ್ನ ಮೇಲಿಗೇ ಬರುತ್ತದೆ

ಮೇಷ್ಟ್ರ ಉಪಾಯ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಆಗುತ್ತದೆ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಒಳಗೆ ಸರ್ಚ್ ಇಣುಕಲಾರದು. ಜುಲೈನಲ್ಲಿ ತೆರಿಗೆ ರಿಟರ್ನ್ ಹೊತ್ತಿಗೆ ನಮ್ಮ ಯಜಮಾನರು "ಫಾರಂ 16 ಎಲ್ಲಿ?" ಅಂತ ಶುರು ಮಾಡುತ್ತಾರೆ. ಈಗ ಅವರ ಆಫೀಸಿನಿಂದ ಬಂದ ದಿನವೇ "ಫಾರಂ 16, ಯಾವ ವರ್ಷ, ಪಾಸ್‌ವರ್ಡ್ ಪ್ಯಾನ್ ನಂಬರ್" ಅಂತ ಬರೆದು ನನಗೇ ಕಳಿಸಿಕೊಳ್ಳುತ್ತೇನೆ. ಪ್ಯಾನ್ ನಂಬರನ್ನೇ ಬರೆಯಬೇಡಿ ಮತ್ತೆ, ಅದು ಪಾಸ್‌ವರ್ಡ್ ಅನ್ನೋ ನೆನಪಷ್ಟೇ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಒಂದು ಭಯ ಇದೆ. ಈ 47 ಲೇಬಲ್ ಅಳಿಸಿದರೆ ಒಳಗಿರುವ ಮೇಲ್ ಕೂಡ ಹೋಗಿಬಿಡುತ್ತಾ? ಮತ್ತೆ, ಪ್ರಿನ್ಸಿಪಾಲರು ಔಟ್‌ಲುಕ್ ಬಳಸುತ್ತಾರೆ, ಅಲ್ಲೂ ಇದೇ ರೀತಿ ಮಾಡಬಹುದಾ?

ಉತ್ತರ: ಐಟಿ ಸಪೋರ್ಟ್

ಜಿಮೇಲ್‌ನಲ್ಲಿ ಲೇಬಲ್ ಅಳಿಸಿದರೆ ಚೀಟಿ ಮಾತ್ರ ಹೋಗುತ್ತದೆ, ಮೇಲ್ ಇರುತ್ತದೆ. ಆದರೆ ಬ್ರೌಸರ್‌ನಲ್ಲಿ ಜಿಮೇಲ್ ತೆರೆದೇ ಮಾಡಿ. ಔಟ್‌ಲುಕ್‌ನಲ್ಲಿರುವುದು ನಿಜವಾದ ಫೋಲ್ಡರ್, ಅಲ್ಲಿ ಅಳಿಸಿದರೆ ಒಳಗಿನದ್ದೂ ಜೊತೆಗೇ ಹೋಗುತ್ತದೆ. ಇವೆರಡನ್ನು ಕಲಸಿಕೊಂಡು ಒಬ್ಬರು ನನ್ನ ಹತ್ತಿರ ಅಳುತ್ತಾ ಬಂದಿದ್ದರು.

ನಿಜ ಹೇಳಬೇಕೆಂದರೆ ಅಳಿಸುವ ಅವಸರವೇ ಇಲ್ಲ. ಹಳೆಯದು ಹಾಗೇ ಇರಲಿ, ಹೊಸ ಮೇಲಿಗೆ ಹಚ್ಚುವುದನ್ನು ನಿಲ್ಲಿಸಿ.

ಔಟ್‌ಲುಕ್‌ನಲ್ಲೂ ಆರ್ಕೈವ್ ಅಂತ ಒಂದೇ ಫೋಲ್ಡರ್ ಇದೆ, ಎಲ್ಲವನ್ನೂ ಅಲ್ಲಿಗೇ ತಳ್ಳಬಹುದು. ಹುಡುಕುವಾಗ ಎರಡು ನೋಡಿಕೊಳ್ಳಿ. ಸರ್ಚ್ 'ಈ ಫೋಲ್ಡರ್ ಮಾತ್ರ' ಅಂತ ನಿಂತಿರಬಹುದು, ಅದನ್ನು ಇಡೀ ಮೇಲ್‌ಬಾಕ್ಸಿಗೆ ಬದಲಾಯಿಸಿ. ಇನ್ನು ಕಂಪ್ಯೂಟರಿನಲ್ಲಿ ಇತ್ತೀಚಿನ ಮೇಲ್ ಮಾತ್ರ ಇಳಿಸಿಕೊಳ್ಳುವ ಸೆಟ್ಟಿಂಗ್ ಇದ್ದರೆ ಹಳೆಯದು ಸರ್ವರ್‌ನಲ್ಲೇ ಉಳಿದಿರುತ್ತದೆ. ಮೇಲ್ ಮಾಯವಾಯಿತು ಅಂತ ಫೋನ್ ಮಾಡುವವರಲ್ಲಿ ಜಾಸ್ತಿ ಜನಕ್ಕೆ ಆಗಿರುವುದು ಇವೆರಡರಲ್ಲಿ ಒಂದು.

ಜಿಮೇಲ್ ಸರ್ಚ್ ಸುಮ್ನೆ ಮಾಡಿದರೆ ಸ್ಪ್ಯಾಮ್ ಮತ್ತು ಟ್ರ್ಯಾಶ್ ನೋಡುವುದಿಲ್ಲ, ಇದೂ ನೆನಪಿರಲಿ. ಸರ್ಚ್ ಬಾಕ್ಸಿನಿಂದ ತೆರೆಯುವ ಆ ಫಾರಂನ ಕೆಳಗೆ ಅವೆರಡನ್ನೂ ಸೇರಿಸುವ ಆಯ್ಕೆ ಇದೆ.

ಪ್ರಶ್ನೆ ಕೇಳಿದವರು, ಐದು ವಾರದ ಮೇಲೆ

ಹೇಳಿ ಹೋಗೋಣ ಅಂತ ಬಂದೆ. ಲೇಬಲ್ ಹಚ್ಚುವುದು ನಿಲ್ಲಿಸಿದೆ. ಮೊದಲ ವಾರ ಕೈ ತಾನೇ ಅಲ್ಲಿಗೆ ಹೋಗುತ್ತಿತ್ತು. ಸಂಜೆ ಐದೂವರೆಗೆ ಬಸ್ ಸಿಗುತ್ತಿದೆ ಈಗ. ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡುವ ಸಂಸ್ಥೆ), ಶುಲ್ಕ ಮರುಪಾವತಿ, ಕೋರ್ಟ್ ವಿಷಯ, ಈ ಮೂರಕ್ಕೆ ಮಾತ್ರ ಫಿಲ್ಟರ್ ಹಾಕಿದ್ದೇನೆ, ವಕೀಲರು ಹೇಳಿದ ಹಾಗೆ.

ನಿನ್ನೆ ಪ್ರಿನ್ಸಿಪಾಲರು ನಿಂತಲ್ಲೇ "ಹೋದ ವರ್ಷ ಜೂನ್‌ನಲ್ಲಿ ಯೂನಿವರ್ಸಿಟಿಯವರು ಸೀಟ್ ಹೆಚ್ಚಳದ ಬಗ್ಗೆ ಏನೋ ಕಳಿಸಿದ್ದರಲ್ಲ" ಅಂದರು. ಯಾರಿಂದ, ಯಾವಾಗ ಎರಡನ್ನೂ ಅವರೇ ಹೇಳಿಬಿಟ್ಟರು! ಫಾರಂನಲ್ಲಿ ತುಂಬಿದೆ, ಹದಿನಾಲ್ಕು ಬಂದವು, ಒಂಬತ್ತನೆಯದು ಅದೇ. ಅವರು ಕೂರುವ ಮೊದಲೇ ಸಿಕ್ಕಿತು.

ಒಂದೇ ತೊಂದರೆ. ಈ ಮೇಲ್ ಅನ್ನು ನಾನೂ ಇನ್ನೊಬ್ಬ ಕ್ಲರ್ಕೂ ಇಬ್ಬರೂ ತೆರೆಯುತ್ತೇವೆ. ಅವರು ಓದಿ ಬಿಟ್ಟಿರುತ್ತಾರೆ, ದಪ್ಪ ಅಕ್ಷರ ಹೋಗಿರುತ್ತದೆ, ನಾನು ಮುಗಿದಿದೆ ಅಂದುಕೊಳ್ಳುತ್ತೇನೆ. ಒಂದು ಪರೀಕ್ಷಾ ಶುಲ್ಕದ ಮೇಲ್ ಹೀಗೇ ಕೊನೆಯ ದಿನದವರೆಗೆ ಕೂತಿತ್ತು. ಏನು ಮಾಡಲಿ?

ಉತ್ತರ: ಲೆಕ್ಕಪತ್ರದ ಆಫೀಸಿನವನು

ಓದಿದ್ದಾ ಓದಿಲ್ಲವಾ ಅನ್ನೋದನ್ನು ಇಬ್ಬರೂ ಲೆಕ್ಕಕ್ಕೇ ತಗೋಬೇಡಿ. ಇನ್‌ಬಾಕ್ಸ್‌ನಲ್ಲಿದೆ ಅಂದರೆ ಆಗಿಲ್ಲ, ಕೆಲಸ ಮಾಡಿದವರೇ ಆರ್ಕೈವ್ ಒತ್ತಬೇಕು. ನಾನೂ ನಮ್ಮ ಹುಡುಗನೂ ಹಾಗೇ ಮಾಡುತ್ತೇವೆ. ಮೊದಲು ಎರಡು ದಿನ ಅವರ ಪಕ್ಕ ಕೂತು ಮಾಡಿ, ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.