ಪದಚರ್ಚೆ: ಮುರಿದ ಕೊಂಡಿಯೇ, ಮಡಿದ ಕೊಂಡಿಯೇ, ಕಳಚಿದ ಕೊಂಡಿಯೇ?

ಮಾನ್ಯ ಸದಸ್ಯರಿಗೆ ನಮಸ್ಕಾರ.

ಜಾಲಪುಟದಲ್ಲಿ ಕೊಟ್ಟಿರುವ ಲಿಂಕನ್ನು ಒತ್ತಿದಾಗ ಅದು ತೋರಿಸಬೇಕಾದ ಪುಟ ಸಿಗದೆ ಹೋದರೆ, ಅಂಥ ಲಿಂಕನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಸರಿ ಎಂಬುದು ನನ್ನ ಪ್ರಶ್ನೆ. ಲಿಂಕಿಗೆ ‘ಕೊಂಡಿ’ ಎಂಬ ಮಾತು ಈಗಾಗಲೇ ನೆಲೆಯೂರಿರುವುದರಿಂದ ಅದರ ಬಗ್ಗೆ ನನಗೆ ತಕರಾರಿಲ್ಲ; ತೊಡಕಿರುವುದು ಅದಕ್ಕೆ ಹಚ್ಚುವ ವಿಶೇಷಣದಲ್ಲಿ. ಹಲವು ವರ್ಷಗಳ ಹಿಂದೆ ಬರೆದಿದ್ದ ಲೇಖನವೊಂದನ್ನು ಈಚೆಗೆ ತಿದ್ದಲು ಕುಳಿತ ನಾನು, ಅದರಲ್ಲಿದ್ದ ಹನ್ನೊಂದು ಕೊಂಡಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ, ಪ್ರತಿಯೊಂದರ ಎದುರಿಗೂ ಅದರ ಸ್ಥಿತಿಯನ್ನು ಷರಾ ಬರೆಯತೊಡಗಿದೆ. ಐದು ಕೊಂಡಿಗಳು ಸರಿಯಾಗಿದ್ದವು. ಉಳಿದ ಆರು ಒಂದೊಂದೂ ಒಂದೊಂದು ರೀತಿಯಲ್ಲಿ ಕೆಟ್ಟಿದ್ದವು, ಮತ್ತು ಆ ಕೇಡುಗಳನ್ನು ಬೇರೆ ಬೇರೆಯಾಗಿ ಹೇಳುವ ಮಾತುಗಳು ನನ್ನ ಬಳಿ ಇರಲಿಲ್ಲ.

ಬಳಕೆಯಲ್ಲಿ ಮೂರು ರೂಪಗಳನ್ನು ಕಂಡಿದ್ದೇನೆ. ಕೆಲವರು ‘ಮುರಿದ ಕೊಂಡಿ’ ಎಂದು ಬರೆಯುತ್ತಾರೆ, ಕೆಲವರು ‘ಸತ್ತ ಕೊಂಡಿ’ ಎನ್ನುತ್ತಾರೆ, ಕನ್ನಡ ವಿಕಿಪೀಡಿಯದ ಉಲ್ಲೇಖಗಳ ಸಾಲಿನಲ್ಲಿ ‘ಶಾಶ್ವತವಾಗಿ ಮಡಿದ ಕೊಂಡಿ’ ಎಂಬ ಸೂಚನೆ ಕಾಣಿಸುತ್ತದೆ. ಮೂರನೆಯದನ್ನೇ ಮೊದಲು ನೋಡೋಣ. ಮಡಿಯುವುದು ರಣರಂಗದ ಮಾತು. ಕಾಳಗದಲ್ಲಿ ಕಾಲಾಳುಗಳು ಮಡಿಯುತ್ತಾರೆ, ಬರದಲ್ಲಿ ಜನ ಮಡಿಯುತ್ತಾರೆ. ಆ ಪದಕ್ಕೆ ಒಂದು ಗಾಂಭೀರ್ಯವಿದೆ, ಹಿಂದೆ ಒಂದು ದುರಂತವಿದೆ. ಅದನ್ನು ತಂದು ಯಾರೋ ವಿಳಾಸ ಬದಲಿಸಿದ ಕಾರಣಕ್ಕೆ ತೆರೆಯದ ಪುಟಕ್ಕೆ ತೊಡಿಸಿದಾಗ ನಗು ಬರುತ್ತದೆ. ಇನ್ನು ‘ಶಾಶ್ವತವಾಗಿ’ ಎಂಬುದನ್ನು ಓದಿದ ಯಾರಿಗಾದರೂ, ಹಾಗಾದರೆ ಹಂಗಾಮಿಯಾಗಿ ಮಡಿಯುವುದೂ ಉಂಟೇ ಎಂಬ ಸಂದೇಹ ಏಳುವುದು ಸಹಜ. ನ್ಯಾಯವಾಗಿ ಹೇಳಬೇಕೆಂದರೆ ಆ ಕ್ರಿಯಾವಿಶೇಷಣ ನಿರರ್ಥಕವಲ್ಲ: ಅತ್ತಣ ಸರ್ವರ್ (ಪುಟವನ್ನು ಒದಗಿಸುವ ಗಣಕ) ಒಂದು ದಿನ ನಿಂತು ಮರುದಿನ ಎದ್ದರೆ ಕೊಂಡಿಯೂ ತಾನಾಗಿ ಸರಿಹೋಗುತ್ತದೆ, ಆದ್ದರಿಂದ ತಾತ್ಕಾಲಿಕ ಕೇಡನ್ನೂ ಕಾಯಂ ಕೇಡನ್ನೂ ಬೇರ್ಪಡಿಸಿ ಹೇಳಲೇಬೇಕಾಗುತ್ತದೆ. ಆ ಭೇದವನ್ನು ಹೊರಲಾರದ್ದು ಸಾವನ್ನು ಸೂಚಿಸುವ ಕ್ರಿಯಾಪದ. ಅಲ್ಲದೆ ಅದೇ ವಿಕಿಪೀಡಿಯದಲ್ಲಿ, ಇನ್ನೂ ಯಾರೂ ಬರೆಯದ ಲೇಖನದತ್ತ ಕೈತೋರಿಸುವ ಕೊಂಡಿಗಳು ಕೆಂಪು ಬಣ್ಣದಲ್ಲಿರುತ್ತವೆ. ಅವನ್ನು ಒತ್ತಿದರೂ ಲೇಖನ ಸಿಗುವುದಿಲ್ಲ. ಆದರೆ ಅವು ಸತ್ತವುಗಳಲ್ಲ, ಇನ್ನೂ ಹುಟ್ಟದವು.

‘ಮುರಿದ’ ಎಂಬುದು ಹೆಚ್ಚು ಪ್ರಚಲಿತವಾದ ರೂಪ, ಆದರೆ ನನ್ನ ಮಟ್ಟಿಗೆ ಹೆಚ್ಚು ದಾರಿ ತಪ್ಪಿಸುವ ರೂಪವೂ ಅದೇ. ಕೊಂಡಿ ಎಂದರೆ ನಮಗೆ ಎರಡು ಚಿತ್ರಗಳು ಮನಸ್ಸಿಗೆ ಬರುತ್ತವೆ. ಒಂದು ಸರಪಳಿಯ ಕೊಂಡಿ, ಅದು ಎರಡೂ ಬದಿಯ ಬಳೆಗಳನ್ನು ಸಮನಾಗಿ ಹಿಡಿದಿರುತ್ತದೆ. ಇನ್ನೊಂದು ಕೊರಳ ಸರದ ಕೊಂಡಿ, ಅದು ಒಂದು ತುದಿಗೆ ಸೇರಿದ್ದು, ಇನ್ನೊಂದು ತುದಿಯ ಬಳೆಗೆ ಸುಮ್ಮನೆ ಸಿಕ್ಕಿಕೊಂಡಿರುತ್ತದೆ. ಜಾಲದ ಕೊಂಡಿ ಎರಡನೆಯ ಜಾತಿಯದು. ಹೈಪರ್‌ಟೆಕ್ಸ್ಟ್ (ಕೊಂಡಿಗಳಿಂದ ಹೆಣೆದ ಬರಹ) ಎಂಬ ಪದವನ್ನು 1965ರಲ್ಲಿ ಬಳಕೆಗೆ ತಂದ ಟೆಡ್ ನೆಲ್ಸನ್ ಅವರ ಕನಸಿನಲ್ಲಿದ್ದದ್ದು ಸರಪಳಿಯ ಕೊಂಡಿ, ಅಂದರೆ ಎರಡೂ ತುದಿಗಳಿಗೂ ಪರಸ್ಪರ ಅರಿವಿರುವಂಥದ್ದು. 1989ರಲ್ಲಿ ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಅವರು ಆರಿಸಿಕೊಂಡದ್ದು ಒಮ್ಮುಖದ ಕೊಂಡಿಯನ್ನು. ಇನ್ನೊಬ್ಬರ ಪುಟಕ್ಕೆ ಕೊಂಡಿ ಹಾಕಲು ಅವರ ಅಪ್ಪಣೆ ಬೇಡ, ಅವರಿಗೆ ತಿಳಿಯಬೇಕಾಗಿಯೂ ಇಲ್ಲ, ಎಲ್ಲ ಕೊಂಡಿಗಳ ಲೆಕ್ಕವಿಡುವ ಒಂದು ಕೇಂದ್ರ ಖಾತೆಯೂ ಬೇಡ. ಜಾಲ ಅಷ್ಟು ಬೇಗ ಹಬ್ಬಿದ್ದಕ್ಕೆ ಈ ಸಡಿಲವೇ ಒಂದು ದೊಡ್ಡ ಕಾರಣ. ಕೊಂಡಿಗಳು ಇಷ್ಟು ಸುಲಭವಾಗಿ ಕೆಡುವುದಕ್ಕೂ ಅದೇ ಕಾರಣ. ಆ ಕಡೆಯವರು ಪುಟವನ್ನು ಅಳಿಸಿದರೆ ಈ ಕಡೆಯವರಿಗೆ ಸುದ್ದಿ ಮುಟ್ಟುವುದಿಲ್ಲ. 1993ರ ಮೊಸಾಯಿಕ್ ಬ್ರೌಸರ್ ಕಾಲದಿಂದಲೂ, ಹೋಗದ ಕೊಂಡಿಗೆ ನೀಲಿ, ಹೋಗಿ ಬಂದ ಕೊಂಡಿಗೆ ನೇರಳೆ ಎಂಬ ರೂಢಿಯಿದೆ. ನಾವು ಹೋಗಿದ್ದೆವೋ ಇಲ್ಲವೋ ಎಂಬುದನ್ನು ಬಣ್ಣ ಹೇಳುತ್ತದೆ. ಅಲ್ಲಿ ಏನಾದರೂ ಉಳಿದಿದೆಯೇ ಎಂಬುದನ್ನು ಹೇಳುವ ಬಣ್ಣವನ್ನು ಯಾರೂ ಮಾಡಲಿಲ್ಲ, ಮಾಡಲು ಬರುವಂತೆಯೂ ಇರಲಿಲ್ಲ.

ಹೀಗಿರುವಾಗ ಮುರಿದದ್ದು ಯಾವುದು? ನನ್ನ ಲೇಖನದ ಮೂರನೆಯ ಕೊಂಡಿಯನ್ನು ಪುಟದ ಮೂಲಸಂಕೇತದಲ್ಲಿ ತೆರೆದು ನೋಡಿದರೆ, ಒಂದಕ್ಷರವೂ ಅದಲುಬದಲಾಗದೆ, ನಾನು ಬರೆದ ದಿನ ಹೇಗಿತ್ತೋ ಹಾಗೆಯೇ ಇದೆ. ಕೊಕ್ಕೆ ನೆಟ್ಟಗಿದೆ, ಆಚೆಯ ಬಳೆ ಇಲ್ಲ. ಆದ್ದರಿಂದ ನಾನು ಒಲಿಯುವುದು ‘ಕಳಚಿದ ಕೊಂಡಿ’ ಎಂಬ ರೂಪದ ಕಡೆಗೆ. ಕಳಚುವುದರಲ್ಲಿ ಒಡೆದುಹೋದ ಭಾವವಿಲ್ಲ, ಸಿಕ್ಕಿಕೊಂಡದ್ದು ಬಿಟ್ಟುಕೊಂಡಿತು ಎಂಬುದಷ್ಟೇ ಇದೆ, ಮತ್ತು ಕಳಚಿದ್ದನ್ನು ಮತ್ತೆ ಸಿಕ್ಕಿಸಬಹುದು ಎಂಬ ಸೂಚನೆಯೂ ಇದೆ. ನಾನು ಮಾಡಿದ್ದೂ ಅದನ್ನೇ. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ 2001ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿರುವ, ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ಹಳೆಯ ಪ್ರತಿ ಸಿಕ್ಕಿತು, ಕೊಕ್ಕೆಯನ್ನು ಅದರ ಬಳೆಗೆ ತೊಡಿಸಿದೆ. ಮಡಿದದ್ದು ಹೀಗೆ ಏಳುವುದಿಲ್ಲ. ಇದಕ್ಕೆ ಬರಬಹುದಾದ ಒಂದು ಆಕ್ಷೇಪವನ್ನು ನಾನೇ ಹೇಳಿಬಿಡುತ್ತೇನೆ. ಹಿರಿಯರೊಬ್ಬರು ತೀರಿಕೊಂಡಾಗ ‘ಹಳೆಯ ತಲೆಮಾರಿನ ಕೊಂಡಿ ಕಳಚಿತು’ ಎಂದು ಪತ್ರಿಕೆಗಳು ತಲೆಬರಹ ಕೊಡುವುದು ವಾಡಿಕೆ, ಹಾಗಾಗಿ ಸಾವಿನ ನೆರಳು ಇಲ್ಲಿಯೂ ಬಿದ್ದಿದೆ. ಆದರೆ ಅಲ್ಲಿಯೂ ಒತ್ತು ಸಂಬಂಧ ತಪ್ಪಿದ್ದರ ಮೇಲೆಯೇ ಇದೆ ಎಂಬುದನ್ನು ಗಮನಿಸಬೇಕು.

ಪುಟ ಸಿಗದಾಗ ತೆರೆಯ ಮೇಲೆ ಮೂಡುವ 404 ಎಂಬ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಸರ್ನ್‌ನಲ್ಲಿ 404ನೆಯ ಕೋಣೆಯೊಂದಿತ್ತು, ಮೊದಲ ಸರ್ವರ್ ಅಲ್ಲಿತ್ತು ಎಂಬ ಕತೆ ಚೆನ್ನಾಗಿದೆಯೇ ಹೊರತು ನಿಜವಲ್ಲ. ನಾಲ್ಕರಿಂದ ಶುರುವಾಗುವ ಸಂಖ್ಯೆಗಳೆಲ್ಲ ಕೇಳಿದವರ ಕಡೆಯ ತಪ್ಪನ್ನು ಸೂಚಿಸುತ್ತವೆ, ಐದರಿಂದ ಶುರುವಾಗುವವು ಸರ್ವರ್ ಕಡೆಯ ತಪ್ಪನ್ನು. ನಮ್ಮ ಚರ್ಚೆಗೆ ಮುಖ್ಯವಾದದ್ದು 404ಕ್ಕೂ 410ಕ್ಕೂ ಇರುವ ವ್ಯತ್ಯಾಸ. 404 ಎಂದರೆ ಈ ವಿಳಾಸದಲ್ಲಿ ಕೇಳಿದ್ದು ಸಿಗಲಿಲ್ಲ, ಮುಂದೆ ಸಿಕ್ಕೀತೋ ಇಲ್ಲವೋ ಹೇಳುವುದಿಲ್ಲ ಎಂದರ್ಥ. 410 ಎಂದರೆ ಇಲ್ಲಿ ಒಂದು ಪುಟವಿತ್ತು, ಅದನ್ನು ತೆಗೆದಾಗಿದೆ, ಮತ್ತೆ ಬರುವ ನಿರೀಕ್ಷೆ ಬೇಡ ಎಂದರ್ಥ. ಎರಡಕ್ಕೂ ‘ಪುಟ ಕಂಡುಬಂದಿಲ್ಲ’ ಎಂಬ ಒಂದೇ ಸಾಲನ್ನು ಅಂಟಿಸುವ ತಾಣಗಳನ್ನು ನೋಡಿದ್ದೇನೆ. ಕನ್ನಡದಲ್ಲಿ ಈ ಭೇದ ಎಷ್ಟು ಸಲೀಸಾಗಿ ಬರುತ್ತದೆಂದರೆ, ಬಾಗಿಲು ತಟ್ಟಿದವರಿಗೆ ‘ಅವರು ಮನೆಯಲ್ಲಿಲ್ಲ’ ಎನ್ನುವುದಕ್ಕೂ ‘ಅವರು ಈಗಿಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಮೊದಲನೆಯದು 404, ಎರಡನೆಯದು 410. ಅದೇ ಜಾಡಿನಲ್ಲಿ, ಪುಟವು ಬೇರೆ ವಿಳಾಸಕ್ಕೆ ಕಾಯಮ್ಮಾಗಿ ಹೋಗಿದೆ ಎನ್ನುವ 301ಕ್ಕೆ ‘ಮನೆ ಬದಲಾಯಿಸಿದ್ದಾರೆ’ ಎಂಬ ಮಾತಿಗಿಂತ ಸ್ಪಷ್ಟವಾದದ್ದು ಬೇಕಿಲ್ಲ. ‘ಕಂಡುಬಂದಿಲ್ಲ’ ಎಂಬ ಕಚೇರಿಯ ಕನ್ನಡವನ್ನು ಬಿಟ್ಟು, 404ಕ್ಕೆ ‘ಪುಟ ಸಿಗಲಿಲ್ಲ’, 410ಕ್ಕೆ ‘ಈ ಪುಟ ಈಗಿಲ್ಲ’ ಎಂದು ಬರೆದರೆ ಸಾಕೆಂದು ನನ್ನ ಅಭಿಪ್ರಾಯ.

ಒಂದೊಂದು ಕೊಂಡಿಯ ಮಾತು ಹೀಗಾದರೆ, ಸಾವಿರಾರು ಕೊಂಡಿಗಳು ವರ್ಷದಿಂದ ವರ್ಷಕ್ಕೆ ಹೀಗೆ ನಿಷ್ಫಲವಾಗುತ್ತ ಹೋಗುವ ವಿದ್ಯಮಾನಕ್ಕೂ ಒಂದು ಹೆಸರು ಬೇಕು. ಇಂಗ್ಲಿಷಿನವರು ಅದನ್ನು ಕೊಳೆಯುವಿಕೆ ಎನ್ನುತ್ತಾರೆ. ಆದರೆ ನಮ್ಮ ಕೊಂಡಿ ಲೋಹದ್ದು, ಲೋಹ ಕೊಳೆಯುವುದಿಲ್ಲ. ‘ತುಕ್ಕು’ ಎನ್ನಬಹುದೆಂದು ಮೊದಲು ತೋಚಿತು, ಆದರೆ ತುಕ್ಕು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಇದರ ಸ್ವರೂಪ ಎಂಥದೆಂದು ನೋಡಲು 2005ರ ಒಂದು ವಿಚಿತ್ರ ಪುಟ ಒಳ್ಳೆಯ ನಿದರ್ಶನ. ಅಲೆಕ್ಸ್ ಟ್ಯೂ ಎಂಬ 21 ವರ್ಷದ ಬ್ರಿಟಿಷ್ ವಿದ್ಯಾರ್ಥಿ, ಅಡ್ಡಕ್ಕೆ ಸಾವಿರ, ಉದ್ದಕ್ಕೆ ಸಾವಿರ ಪಿಕ್ಸೆಲ್‌ಗಳ (ತೆರೆಯ ಮೇಲಿನ ಚುಕ್ಕಿಗಳ) ಖಾಲಿ ಪುಟವೊಂದನ್ನು ಮಾಡಿ, ಪಿಕ್ಸೆಲ್ಲಿಗೆ ಒಂದು ಡಾಲರಿನಂತೆ ಮಾರಾಟಕ್ಕಿಟ್ಟರು. ಒಂಟಿ ಪಿಕ್ಸೆಲ್ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲವಾದ್ದರಿಂದ ಹತ್ತು ಗುಣಿಸು ಹತ್ತರ ಚೌಕವೇ ಕನಿಷ್ಠ ಅಳತೆ. ಕೊಂಡವರು ತಮ್ಮ ಚೌಕದಲ್ಲಿ ಒಂದು ಪುಟ್ಟ ಚಿತ್ರವನ್ನೂ ತಮ್ಮ ತಾಣಕ್ಕೆ ಒಂದು ಕೊಂಡಿಯನ್ನೂ ಇಟ್ಟರು. ಕೆಲವೇ ತಿಂಗಳಲ್ಲಿ ಪುಟ ತುಂಬಿತು. ಆ ಪುಟ ಇಂದು ನೋಡಿದರೂ ಕಿಕ್ಕಿರಿದ ಜಾತ್ರೆಯಂತಿದೆ, ಒಂದು ಬಣ್ಣವೂ ಮಾಸಿಲ್ಲ. ಆದರೆ 2017ರಲ್ಲಿ ಹಾರ್ವರ್ಡ್ ಕಾನೂನು ಗ್ರಂಥಾಲಯದ ಸಂಶೋಧಕರು ಅದರ 2,816 ಕೊಂಡಿಗಳನ್ನು ಪರೀಕ್ಷಿಸಿದಾಗ 547 ಎಲ್ಲಿಗೂ ತಲುಪಲಿಲ್ಲ, ಇನ್ನೂ 489 ಬೇರೆ ಯಾವುದೋ ವಿಳಾಸಕ್ಕೆ ಇಲ್ಲವೇ ವಿಳಾಸ ಮಾರುವವರ ಪುಟಕ್ಕೆ ಕರೆದೊಯ್ದವು. ಮೇಲ್ಮೈ ಹಾಗೆಯೇ ಇದ್ದು ಒಳಗೊಳಗೇ ಟೊಳ್ಳಾಗುವ ಈ ಬಗೆಗೆ ನನಗೆ ಸೂಕ್ತವಾಗಿ ಕಂಡದ್ದು ‘ಸವಕಳಿ’. ಮಣ್ಣಿನ ಸವಕಳಿ, ನಾಣ್ಯದ ಸವಕಳಿ ಎಂದು ನಾವು ಹೇಳುವಾಗ ಅಲ್ಲಿ ನಿಧಾನವಿದೆ, ಅಲಕ್ಷ್ಯವಿದೆ, ಅಳೆಯಬಹುದಾದ ಪ್ರಮಾಣವೂ ಇದೆ. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು, ‘ದಶಕವೊಂದರಲ್ಲಿ ಶೇ. 38ರ ಸವಕಳಿ’ ಎಂದರೆ ಕನ್ನಡ ಓದುಗರಿಗೆ ವಿವರಣೆ ಬೇಕಾಗದು. ಬಳಸಿ ಬಳಸಿ ಸವೆಯುವುದು ರೂಢಿಯ ಅರ್ಥ, ಇಲ್ಲಿಯಾದರೋ ಯಾರೂ ಬಳಸದೆ ಬಿಟ್ಟದ್ದೇ ಸವೆಯುತ್ತದೆ ಎಂಬ ತಕರಾರು ಯಾರದಾದರೂ ಇದ್ದರೆ ಒಪ್ಪುತ್ತೇನೆ, ಇದಕ್ಕಿಂತ ಒಳ್ಳೆಯದು ಸಿಗುವವರೆಗೆ ಪದವನ್ನು ಮಾತ್ರ ಬಿಡುವುದಿಲ್ಲ.

ಇನ್ನೊಂದು ಬಗೆಯ ಕೇಡು ಇದಕ್ಕಿಂತ ಸೂಕ್ಷ್ಮ. ಕೊಂಡಿ ತೆರೆಯುತ್ತದೆ, ಪುಟವೂ ಬರುತ್ತದೆ, ಆದರೆ ಅದು ನಾವು ಉಲ್ಲೇಖಿಸಿದ ಪುಟವಲ್ಲ. ಮನೆ ಅದೇ, ಒಕ್ಕಲು ಬೇರೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2011ರ ವಿಡಿಯೋ ಗೇಮ್ ಮೊಕದ್ದಮೆಯೊಂದರ ತೀರ್ಪಿಗೆ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಬರೆದ ಟಿಪ್ಪಣಿಯಲ್ಲಿ ಒಂದು ಜಾಲವಿಳಾಸದ ಉಲ್ಲೇಖವಿತ್ತು. ಆ ವಿಳಾಸದ ನೋಂದಣಿ ಮುಗಿದ ಮೇಲೆ ಯಾರೋ ಅದನ್ನು ಕೊಂಡು, ನೀವು ಈ ಪುಟವನ್ನು ಉಲ್ಲೇಖಿಸಲಿಲ್ಲವೆಂದು ಸಂತೋಷಪಡಿ, ನ್ಯಾಯಮೂರ್ತಿಗಳಂತೆ ಉಲ್ಲೇಖಿಸಿದ್ದರೆ ಮೂಲದ ಬರಹ ಯಾವಾಗಲೋ ಮಾಯವಾಗಿರುತ್ತಿತ್ತು ಎಂಬ ಅರ್ಥದ ಅಣಕವನ್ನು ಅಲ್ಲಿ ಹಾಕಿದರು. ಕಳಚಿದ ಕೊಂಡಿ ತಾನು ಕಳಚಿದ್ದೇನೆಂದು ಹೇಳಿಯಾದರೂ ಹೇಳುತ್ತದೆ. ಇದು ಅದನ್ನೂ ಹೇಳುವುದಿಲ್ಲ. ನನ್ನ ಪಟ್ಟಿಯ ಒಂಬತ್ತನೆಯ ಕೊಂಡಿ ಈ ಜಾತಿಯದೇ; ಲಿಪಿಯ ಬಗೆಗಿನ ಬರಹವಿದ್ದ ಕಡೆ ಈಗ ಜೂಜಿನ ಜಾಹೀರಾತಿದೆ. ಭಾಷಾವಿಜ್ಞಾನದಲ್ಲಿ ಪದ ಹಾಗೆಯೇ ಇದ್ದು ಅರ್ಥ ಸರಿದುಹೋಗುವುದನ್ನು ‘ಅರ್ಥಪಲ್ಲಟ’ ಎನ್ನುವುದು ನಮಗೆಲ್ಲ ಗೊತ್ತಿರುವಂಥದ್ದೇ. ಅದೇ ಅಚ್ಚಿನಲ್ಲಿ ‘ವಿಷಯಪಲ್ಲಟ’ ಎಂದರೆ ಹೇಗೆ ಎಂಬುದು ನನ್ನ ಸೂಚನೆ.

ಕೊನೆಗೆ, ನನಗೆ ಯಾವ ಪದವೂ ಹೊಳೆಯದ ಒಂದು ಸ್ಥಿತಿ. ಕೆಲವು ತಾಣಗಳು ಪುಟ ಇಲ್ಲದಿದ್ದರೂ ಒಳಗಿನಿಂದ 404ರ ಬದಲು, ಎಲ್ಲ ಸರಿಯಾಗಿದೆ ಎಂದು ಸೂಚಿಸುವ 200ನ್ನು ಕಳುಹಿಸುತ್ತವೆ. ಓದುವವರಿಗೆ ‘ಕ್ಷಮಿಸಿ, ಪುಟ ಇಲ್ಲ’ ಎಂಬ ಬರಹ, ಯಂತ್ರಗಳಿಗೆ ‘ಇದೆ’ ಎಂಬ ಉತ್ತರ. ಕೊಂಡಿಗಳನ್ನು ತಾನಾಗಿ ಪರೀಕ್ಷಿಸುವ ತಂತ್ರಾಂಶ ಇದನ್ನು ಸರಿ ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಹೆಸರನ್ನು ಅನುಸರಿಸಿ ‘ಮೆದು 404’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸೋಗಿನ ಪುಟ’ ಎನ್ನೋಣವೆಂದರೆ, ಬ್ಯಾಂಕಿನ ಪುಟದಂತೆ ವೇಷ ಹಾಕಿ ಗುಪ್ತಪದ ಕದಿಯುವ ಪುಟಗಳಿಗೆ ಆ ಮಾತನ್ನು ಮೀಸಲಿಡುವುದು ವಾಸಿ. (ಅಂಥ ಪುಟಗಳಿಗೆ ಒಯ್ಯುವ ಲಿಂಕನ್ನು ಕೊಂಡಿ ಎಂದೇ ಕರೆಯುವುದು ಎಷ್ಟು ಒಪ್ಪುತ್ತದೆ ನೋಡಿ, ಚೇಳಿಗೆ ಇರುವುದೂ ಕೊಂಡಿಯೇ.) ‘ಹುಸಿ ಹಾಜರಿ’ ಎಂಬುದನ್ನು ಬರೆದು ನೋಡಿದೆ, ತಾನಿಲ್ಲದೆಯೇ ಹಾಜರಿ ಹಾಕಿಸಿಕೊಂಡವನ ನೆನಪಾಗಿ ಅರ್ಥ ಹತ್ತಿರ ಬಂತು, ಆದರೆ ಪುಟದ ಮಾತಿಗೆ ಹಾಜರಿ ಒಗ್ಗೀತೇ ಎಂಬುದು ನಿಶ್ಚಯವಾಗಲಿಲ್ಲ. ‘ಕಳಚಿದ ಕೊಂಡಿ’, ‘ಕೊಂಡಿ ಸವಕಳಿ’, ‘ವಿಷಯಪಲ್ಲಟ’ ಇವುಗಳ ಬಗ್ಗೆ ತಮ್ಮ ಒಪ್ಪಿಗೆಯನ್ನೋ ತಕರಾರನ್ನೋ ತಿಳಿಸುವುದರ ಜೊತೆಗೆ, ಈ ನಾಲ್ಕನೆಯದಕ್ಕೆ ತಕ್ಕ ಪದ ಯಾರಿಗಾದರೂ ತೋಚಿದರೆ ದಯವಿಟ್ಟು ಬರೆಯಬೇಕು. ನನ್ನ ಪಟ್ಟಿಯ ಏಳನೆಯ ಕೊಂಡಿಯ ಎದುರಿಗೆ ಷರಾದ ಜಾಗ ಇನ್ನೂ ಖಾಲಿಯಿದೆ.