ಬೈಕ್ ಸವಾರಿಯಲ್ಲಿ ಕೈ ಪಳಗುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಲೈಸೆನ್ಸ್ ಪಡೆದು ಆರು ತಿಂಗಳಾಗಿದೆ. ಗೇರು, ಕ್ಲಚ್ಚು ರೂಢಿಯಾಗಿವೆ. ಆದರೆ ಯಾರಾದರೂ ದಿಢೀರನೆ ಅಡ್ಡ ಬಂದಾಗ ಹಿಂದಿನ ಚಕ್ರ ಜಾರುತ್ತದೆ. ತಿರುವುಗಳಲ್ಲಿ ಗಾಡಿ ಹೊರಕ್ಕೆ ಎಳೆದಂತಾಗುತ್ತದೆ. ಓಡಿಸುತ್ತ ಓಡಿಸುತ್ತ ಇದು ತಾನಾಗಿ ಸರಿಹೋಗುತ್ತದೆಯೇ?

ಉತ್ತರ 1: ತಾನಾಗಿ ಸರಿಹೋಗುವುದಿಲ್ಲ. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇವೆ ಎಂದು ಕಲಿಸಿದವರು ಹೇಳಿದ್ದ ಮಾತನ್ನು ನಂಬಿ ನಾನು ಹತ್ತು ವರ್ಷ ಹಿಂದಿನ ಬ್ರೇಕನ್ನೇ ನೆಚ್ಚಿಕೊಂಡಿದ್ದೆ. ಒಂದು ಸಂಜೆ ಪಕ್ಕದ ರಸ್ತೆಯಿಂದ ಕಾರೊಂದು ನುಗ್ಗಿದಾಗ ಕಾಲು ಪೆಡಲನ್ನು ತುಳಿಯಿತು, ಚಕ್ರ ಲಾಕ್ ಆಯಿತು, ಗಾಡಿಯೊಂದಿಗೆ ನಾನೂ ಅಡ್ಡಡ್ಡ ಜಾರಿಹೋದೆ. ಬಲ ಮೊಣಕಾಲಿನ ಚರ್ಮ ಕಿತ್ತುಬಂದಿತ್ತು.

ಬ್ರೇಕ್ ಹಾಕಿದೊಡನೆ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಹಿಂದಿನ ಚಕ್ರ ಹಗುರವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು, ಗಾಡಿಯನ್ನು ನಿಲ್ಲಿಸುವ ಕೆಲಸದ ಬಹುಪಾಲನ್ನು ತಾನೇ ಮಾಡುತ್ತದೆ. ಆದರೆ ಭಾರ ಸರಿಯುವ ಮೊದಲೇ ಮುಂದಿನ ಬ್ರೇಕಿನ ಲಿವರನ್ನು ಗಬಕ್ಕನೆ ಹಿಡಿದರೆ ಅದೂ ಜಾರೀತು. ನೆನೆದ ಬಟ್ಟೆಯನ್ನು ಹಿಂಡುವಂತೆ ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಒತ್ತಬೇಕು. ಹ್ಯಾಂಡಲ್ ನೇರವಾಗಿರಲಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಲಿವರು ಬೆರಳಿನಡಿ ಅದುರಿದರೂ ಬಿಡಬೇಡಿ.

ವಾಹನಗಳಿಲ್ಲದ ಡಾಂಬರು ಜಾಗದಲ್ಲಿ ಒಂದು ಗುರುತು ಇಟ್ಟು, ಗಂಟೆಗೆ 20 ಕಿ.ಮೀ. ವೇಗದಿಂದ ಆರಂಭಿಸಿ 30, 40ಕ್ಕೆ ಏರಿಸುತ್ತ, ಗುರುತಿನಿಂದ ಎಷ್ಟು ದೂರದಲ್ಲಿ ನಿಂತಿರೆಂದು ಹೆಜ್ಜೆಯಲ್ಲಿ ಅಳೆಯಿರಿ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದು ಆಗ ನಿಮ್ಮ ಕಾಲಿಗೇ ತಿಳಿಯುತ್ತದೆ. ಅಮೆರಿಕದಲ್ಲಿ 900ಕ್ಕೂ ಹೆಚ್ಚು ಅಪಘಾತಗಳನ್ನು ನಡೆದ ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಪ್ರಕಟವಾದ ಹರ್ಟ್ ವರದಿಯೂ ಇದನ್ನೇ ಕಂಡಿತ್ತು: ಸವಾರರು ಹಿಂದಿನ ಚಕ್ರವನ್ನು ಜಾರಿಸುತ್ತಾರೆ, ಮುಂದಿನ ಬ್ರೇಕನ್ನು ಸಾಕಷ್ಟು ಬಳಸುವುದಿಲ್ಲ. ಅಪಘಾತ ತಪ್ಪಿಸಲು ಸಾಮಾನ್ಯವಾಗಿ ಅವರಿಗೆ ಸಿಕ್ಕ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಯೋಚಿಸಲು ಬಿಡುವಿಲ್ಲ. ರೂಢಿಯಾದದ್ದನ್ನೇ ಕೈ ಮಾಡುತ್ತದೆ.

ಉತ್ತರ 2: ತಿರುವಿನ ಬಗ್ಗೆ ಹೇಳುತ್ತೇನೆ. ವೇಗವನ್ನು ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಇಳಿಸಿಕೊಳ್ಳಿ. ಓಟದಲ್ಲಿರುವ ಬೈಕು ಎಡಕ್ಕೆ ವಾಲಬೇಕಾದರೆ ಎಡ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ಕೇಳಲು ವಿಚಿತ್ರವೆನಿಸಿದರೂ ನೇರ ರಸ್ತೆಯಲ್ಲಿ ಒಮ್ಮೆ ಹಗುರವಾಗಿ ತಳ್ಳಿ ನೋಡಿದರೆ ಮನವರಿಕೆಯಾಗುತ್ತದೆ. ಗಾಬರಿಯಾದಾಗ ರಸ್ತೆಯ ಹೊರ ಅಂಚನ್ನೇ ದಿಟ್ಟಿಸುವುದು ಸಹಜ, ಆದರೆ ಕಣ್ಣು ನೆಟ್ಟ ಕಡೆಗೇ ಗಾಡಿ ಹೋಗುತ್ತದೆ. ಗಲ್ಲವನ್ನೇ ತಿರುವು ಮುಗಿಯುವ ಕಡೆಗೆ ತಿರುಗಿಸಿ ಎಂದು ನನಗೊಬ್ಬರು ಹೇಳಿಕೊಟ್ಟಿದ್ದರು. ಇಷ್ಟು ಉಪಯೋಗಕ್ಕೆ ಬಂದ ಮಾತು ನನಗೆ ಇನ್ನೊಂದಿಲ್ಲ.

ಉತ್ತರ 3: ಮೇಲಿನವರು ಹೇಳಿದ್ದೆಲ್ಲ ಸರಿ. ಅಡ್ಡರಸ್ತೆಗಳ ಬಳಿ ಎರಡು ಬೆರಳು ಬ್ರೇಕ್ ಲಿವರಿನ ಮೇಲಿರಲಿ, 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಭ್ಯಾಸ ಶುರುಮಾಡುವ ಮುನ್ನ ಟೈರು ತಣ್ಣಗಿರುವಾಗ ಗಾಳಿ ಪರೀಕ್ಷಿಸಿ. ಮುಂದಿನ ಟೈರಿನಲ್ಲಿ ಗಾಳಿ ಇಳಿದಿದ್ದರೆ ಹ್ಯಾಂಡಲ್ ಭಾರವಾಗಿ, ಗಾಡಿ ತಿರುಗಲು ಒಲ್ಲೆನ್ನುತ್ತದೆ. ನೀವು ಹೇಳುವ ಹೊರಕ್ಕೆ ಎಳೆಯುವ ತೊಂದರೆಯಲ್ಲಿ ಅದರ ಪಾಲೂ ಇರಬಹುದು.